ಆಸೆಗೊಂದು ಕಾಯಿ

ನಮ್ಮ ಚಿಕ್ಕಪ್ಪನ ಮನೆಗೆ ಹೊಸ ಸಾಮಾನು ಯಾವುದಾದರೂ ಬರಬೇಕಾದರೆ ಅದಕ್ಕೆ ಒಪ್ಪಿಗೆ ಕೊಡುವುದು ಚಿಕ್ಕಪ್ಪನಲ್ಲ, ಚಿಕ್ಕಮ್ಮನೂ ಅಲ್ಲ. ಒಂದು ತೆಂಗಿನಕಾಯಿ! ನಿಮಗೆ ನಗು ಬರಬಹುದು. ನನಗೂ ಬರುತ್ತದೆ. ಆದರೆ ಜಾಹೀರಾತು ನೋಡಿ ಮೈಮರೆತು ನಾನು ಕೊಂಡ, ಈಗ ನಮ್ಮ ಮನೆಯಲ್ಲಿ ಒದ್ದೆ ಬಟ್ಟೆ ಹರವಲಿಕ್ಕಷ್ಟೇ ಬಳಕೆಯಾಗುತ್ತಿರುವ ವ್ಯಾಯಾಮದ ಸೈಕಲ್ಲು ನೆನಪಾದಾಗ ಆ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಕಾಯಿಯ ಕತೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಸೀಮೆಯವರಿಗಾಗಿ ಒಂದೆರಡು ಮಾತು. ತಿಪಟೂರಿನ ಸುತ್ತ ನಾವು ಬಲಿತ ಕಾಯಿಯನ್ನು ಕಿತ್ತ ಕೂಡಲೇ ಒಡೆದು ಒಣಗಿಸುವವರಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ, ಹಾಕಿ ಸುಮ್ಮನಾಗುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅದು ಕತ್ತಲಲ್ಲಿ ತನ್ನ ಪಾಡಿಗೆ ತಾನು ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಹಾಗೆ ಅಂದರೆ ಕೊಬ್ಬರಿ ಆಯಿತು ಎಂದರ್ಥ. ಆತುರಪಟ್ಟು ನಡುವೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಕೆಲವು ಕಾಯಿ ಯಾರ ತಪ್ಪೂ ಇಲ್ಲದೆ ಅಲ್ಲೇ ಕೊಳೆತು ನಾರುತ್ತವೆ.

ಇದನ್ನು ನೋಡಿಕೊಂಡೇ ಎಲ್ಲರೂ ಬೆಳೆದದ್ದು. ಆದರೆ ಇದರಿಂದ ಒಂದು ಕಾಯಿದೆಯನ್ನೇ ಮಾಡಿದವನು ನಮ್ಮ ಚಿಕ್ಕಪ್ಪ ಒಬ್ಬನೇ. ಮನೆಯಲ್ಲಿ ಯಾರಿಗೆ ಏನು ಬೇಕೆನಿಸಿದರೂ ಅದರ ಹೆಸರಿನಲ್ಲಿ ಒಂದು ಕಾಯಿ ಆರಿಸುತ್ತಾನೆ. ಅದರ ಮೇಲೆ ಸುಣ್ಣದಲ್ಲಿ ಒಂದು ಗುರುತು ಬರೆಯುತ್ತಾನೆ. ಅಟ್ಟದ ಒಂದು ಮೂಲೆಯಲ್ಲಿ ಬೇರೆಯಾಗಿ ಇಡುತ್ತಾನೆ. ವರ್ಷ ಕಳೆದು ಆ ಕಾಯಿ ಲೊಡಲೊಡ ಅಂದರೆ, ಕೇಳಿದವರಿಗೆ ಆಸೆ ಇನ್ನೂ ಇದ್ದರೆ, ಸಾಮಾನು ಮನೆಗೆ ಬರುತ್ತದೆ. ಕಾಯಿ ಕೊಳೆತರೆ ಆಸೆಯೂ ಕೊಳೆತಂತೆ. ಅದರ ಮೇಲೆ ಅಪೀಲಿಲ್ಲ!

"ಆಸೆ ಅನ್ನೋದು ಎಳನೀರು ಕಣ್ಲಾ," ಎನ್ನುತ್ತಾನೆ. "ಕೊಚ್ಚಿದಾಗ ಸಿಹಿ, ನಾಳೆಗೆ ಹುಳಿ. ತಡಕಂಡ್ರೆ ಕೊಬ್ಬರಿ ಆಯ್ತದೆ."

ಅಟ್ಟದ ವಿಚಾರ ಮನೆಯೊಳಗೆ ಇದ್ದರೆ ಸರಿ, ಅಂಗಡಿಗೂ ಬಂದರೆ? ಚಿಕ್ಕಪ್ಪನಿಗೆ ಯಾವ ಸಾಮಾನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅಭ್ಯಾಸ. ಗಡಿಯಾರ, ಕುಕ್ಕರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಒಂದಕ್ಕೂ ರಿಯಾಯಿತಿ ಇಲ್ಲ. ಒಮ್ಮೆ ನಾನೂ ಜೊತೆಗಿದ್ದೆ. ತಿಪಟೂರಿನ ಒಂದು ಅಂಗಡಿಯಲ್ಲಿ ಬಲ್ಬು ಕೊಳ್ಳಬೇಕಿತ್ತು. ಒಂದೊಂದನ್ನೇ ಅಲ್ಲಾಡಿಸಿ ಅಲ್ಲಾಡಿಸಿ, ಸದ್ದಿಲ್ಲದ ಬಲ್ಬುಗಳನ್ನೆಲ್ಲ ಎಳಸು ಎಂದು ಪಕ್ಕಕ್ಕಿಟ್ಟು, ಲೊಡಲೊಡ ಅಂದ ಒಂದೇ ಒಂದು ಬಲ್ಬನ್ನು ಆರಿಸಿಕೊಂಡ. ಅಂಗಡಿಯವನು ಪಾಪ, ಅದು ಒಳಗೆ ಮುರಿದಿದೆ ಎಂದು ಬಗೆಬಗೆಯಾಗಿ ಹೇಳಿದ. ಕೇಳಬೇಕಲ್ಲ? ಮನೆಗೆ ಬಂದು ಹಾಕಿದರೆ ಬಲ್ಬು ಉರಿಯಲಿಲ್ಲ. ಚಿಕ್ಕಪ್ಪ ಅದನ್ನು ಕೆಳಗಿನಿಂದ ಬಹಳ ಹೊತ್ತು ನೋಡಿ, ಬಲ್ಬು ಚೆನ್ನಾಗಿಯೇ ಬಲಿತಿದೆ, ಕರೆಂಟೇ ಎಳಸು ಎಂದು ತೀರ್ಪು ಕೊಟ್ಟ. ನಮ್ಮೂರಿನ ಕರೆಂಟನ್ನು ಬಲ್ಲವರು ಯಾರೂ ಆ ಮಾತನ್ನು ಪೂರ್ತಿ ತಳ್ಳಿಹಾಕಲಾರರು.

ಗುರುತಿನ ಗೊಂದಲ ಇನ್ನೊಂದು. ಚಿಕ್ಕಪ್ಪನಿಗೆ ಚಿತ್ರ ಬರೆಯಲು ಬರುವುದಿಲ್ಲ. ಚಿಕ್ಕಮ್ಮ ಫ್ರಿಜ್ ಕೇಳಿದ ವರ್ಷ ಕಾಯಿಯ ಮೇಲೆ ಒಂದು ಚೌಕ ಬರೆದಿಟ್ಟ. ಅದೇ ತಿಂಗಳು ತನಗೆ ದೊಡ್ಡ ಟೀವಿ ಬೇಕೆನಿಸಿತು, ಇನ್ನೊಂದು ಚೌಕ ಬರೆದಿಟ್ಟ. ವರ್ಷ ಕಳೆದು ನೋಡಿದರೆ ಒಂದು ಚೌಕ ಲೊಡಲೊಡ ಎನ್ನುತ್ತಿದೆ, ಇನ್ನೊಂದು ಚೌಕ ಕೊಳೆತು ಸೋರುತ್ತಿದೆ! ಯಾವುದು ಫ್ರಿಜ್ಜು, ಯಾವುದು ಟೀವಿ? ಇದು ಉದ್ದ ಇದೆ, ಅದು ಗಿಡ್ಡ ಇದೆ ಎಂದು ಗಂಡ ಹೆಂಡತಿ ಇಬ್ಬರೂ ಸಾಯಂಕಾಲದ ತನಕ ವಾದಿಸಿದರು. ಕಡೆಗೆ ಟೀವಿಯೇ ಬಂತು. ಚಿಕ್ಕಮ್ಮ ಒಂದು ವಾರ ಬಿಸಿ ಸಾರನ್ನು ತಟ್ಟೆಗೆ ಬಡಿಸಿ, ಅದನ್ನು ಒಯ್ದು ಟೀವಿಯ ಮುಂದಿಟ್ಟು, ತಣ್ಣಗಾಗಲಿ ಎಂದು ಕಾದು ಆಮೇಲೆ ಗಂಡನಿಗೆ ಕೊಟ್ಟಳು. ಮರುವಾರ ಕಾಯಿ ಗೀಯಿ ಯಾವುದೂ ಇಲ್ಲದೆ ಫ್ರಿಜ್ಜೂ ಬಂತು. ಅಂದಿನಿಂದ ಚಿಕ್ಕಮ್ಮ ಒಂದು ನಿಯಮ ಮಾಡಿಕೊಂಡಳು. ತನ್ನ ಕಾಯಿಗೆ ಸುಣ್ಣವಲ್ಲ, ಕುಂಕುಮ. ಯಾರದು ಎಂಬ ಜಗಳವೇ ಬೇಡ ನೋಡಿ.

ನನ್ನದೂ ಒಂದು ಕಾಯಿ ಆ ಅಟ್ಟ ಹತ್ತಿತ್ತು. ಹಕ್ಕಿಗಳ ಫೋಟೋ ತೆಗೆಯುತ್ತೇನೆಂದು ದುಬಾರಿ ಕ್ಯಾಮೆರಾ ಒಂದರ ಮೇಲೆ ನನಗೆ ಮನಸ್ಸಾಗಿತ್ತು. ಚಿಕ್ಕಪ್ಪನ ಮುಂದೆ ಬಾಯಿಬಿಟ್ಟೆ, ಕಾಯಿ ಮೇಲೆ ಹೋಯಿತು. ಮೂರೇ ತಿಂಗಳಲ್ಲಿ ಅದು ಎಂಥಾ ವಾಸನೆ ಹೊಡೆಯಿತೆಂದರೆ ಇಡೀ ಅಟ್ಟವನ್ನೇ ಗುಡಿಸಬೇಕಾಯಿತು. ಅಷ್ಟರಲ್ಲಿ ನಾನು ಹಕ್ಕಿಗಳನ್ನೂ ಮರೆತಿದ್ದೆ ಎನ್ನುವುದು ಬೇರೆ ಮಾತು.

ಈ ಕಾಯಿದೆ ಎಷ್ಟು ಹಳೆಯದು ಎಂದು ಒಮ್ಮೆ ಚಿಕ್ಕಮ್ಮನನ್ನು ಕೇಳಿದೆ. ಚಿಕ್ಕಮ್ಮ ಹಂದನಕೆರೆಯ ಕಡೆಯವಳು. ಹೆಣ್ಣು ನೋಡಲು ಬಂದಾಗ ಈ ಮಹಾರಾಯ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿ ಒಪ್ಪಿಗೆ ಎಂದೂ ಅನ್ನದೆ ಇಲ್ಲ ಎಂದೂ ಅನ್ನದೆ ಹೊರಟುಬಂದನಂತೆ. ಸರಿಯಾಗಿ ಮುಂದಿನ ವರ್ಷ ಹೋಗಿ ಒಪ್ಪಿಗೆ ಎಂದನಂತೆ. ಅಷ್ಟರಲ್ಲಿ ಅವಳಿಗೆ ಬೇರೆ ಕಡೆ ಮಾತು ನಡೆಯುತ್ತಿತ್ತು.

"ಒಂದ್ ವರ್ಷ ನಾನೂ ಅಟ್ಟದ್ ಮ್ಯಾಲಿದ್ದೆ ಕಣಪ್ಪ," ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ.

ಮತ್ತೆ ನೀನು ಯಾಕೆ ಕಾದೆ ಎಂದರೆ, ಆವತ್ತು ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ, ಒಂದು ಮಾತೂ ಆಡದೆ ತಿಂದು ಹೋದರು, ಅದಕ್ಕೆ ಎನ್ನುತ್ತಾಳೆ.

ಇಷ್ಟೆಲ್ಲ ಹೇಳಿದೆ, ಚಿಕ್ಕಪ್ಪನ ಕಸುಬು ಹೇಳಲಿಲ್ಲ. ನೊಣವಿನಕೆರೆಯ ಹತ್ತಿರ ಒಂದು ತೋಟ ಇದೆ ನಿಜ, ಆದರೆ ಅವನು ತೋಟದ ಮನುಷ್ಯನಲ್ಲ. ಲಾರಿಯ ಮನುಷ್ಯ. ಸ್ವಂತದ್ದೊಂದು ಲಾರಿ ಇಟ್ಟುಕೊಂಡು ತಿಪಟೂರಿನ ಮಂಡಿಯಿಂದ ಕೊಬ್ಬರಿ ಚೀಲ ಹೇರಿಕೊಂಡು ದಿಲ್ಲಿ, ಕಾನ್ಪುರದ ಕಡೆಗೆ ಓಡಿಸುತ್ತಿದ್ದ. ಹೋದರೆ ವಾರಗಟ್ಟಲೆ ಪತ್ತೆ ಇಲ್ಲ. ಹಿಂತಿರುಗಿ ಬಂದಾಗ ಮೈಗೆಲ್ಲ ಡೀಸೆಲ್ ವಾಸನೆ, ಬಾಯಿ ತುಂಬ ಊರೂರಿನ ಸುದ್ದಿ. ನಾವು ಮಕ್ಕಳು ನರ್ಮದಾ ನದಿಯನ್ನು ಭೂಗೋಳದ ಪುಸ್ತಕದಲ್ಲಿ ಓದುವ ಮೊದಲೇ ಚಿಕ್ಕಪ್ಪನ ಬಾಯಲ್ಲಿ ದಾಟಿದ್ದೆವು. ಪ್ರತಿ ಸಲ ಲಾರಿ ಹೊರಡುವಾಗಲೂ ಚಿಕ್ಕಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು ಅವಳ ಕೆಲಸ. ಅವಳು ಒಂದು ಸಲವೂ ಆ ಲಾರಿ ಹತ್ತಿದವಳಲ್ಲ. ಲೋಡ್ ಗಾಡಿಗೆ ಹೆಂಗಸರು ಯಾಕೆ ಎಂಬುದು ಆಗಿನ ಮಾತು. ಅವಳು ಕೇಳಿದ್ದನ್ನೂ ನಾನು ಕಂಡಿಲ್ಲ.

ಆಮೇಲೆ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಅದು ಕಣ್ಣಿಗೆ ಇಳಿಯಿತು. ಹತ್ತಿರದ್ದು ಕನ್ನಡಕ ಹಾಕಿದರೆ ಚೆನ್ನಾಗಿಯೇ ಕಾಣುತ್ತದೆ, ದೂರದ್ದು ಮಸುಕು, ಎದುರಿನ ಗಾಡಿಯ ಲೈಟು ಬಿದ್ದರಂತೂ ಪೂರ್ತಿ ಕತ್ತಲೆ. ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಲಾರಿ ಮಾರಬೇಕೇ ಬೇಡವೇ ಎನ್ನುವುದಕ್ಕೂ ಚಿಕ್ಕಪ್ಪ ಒಂದು ಕಾಯಿ ಇಟ್ಟ. ಆ ವರ್ಷ ಪೂರ್ತಿ ಬದಲಿ ಡ್ರೈವರನ್ನು ಕಳಿಸಿದ, ಎರಡು ಸಲ ತಾನೂ ಪಕ್ಕದಲ್ಲಿ ಕೂತು ಹೋಗಿಬಂದ. ಕಾಯಿ ಲೊಡಲೊಡ ಅಂದಿತು. ಕಾಯಿದೆ ಎಂದರೆ ಕಾಯಿದೆ. ಅರಸೀಕೆರೆಯ ಕಡೆಯವರೊಬ್ಬರು ಅದೇ ವಾರ ಬಂದು ಲಾರಿ ಹೊಡೆದುಕೊಂಡು ಹೋದರು.

ಅಂದಿನಿಂದ ಮನುಷ್ಯ ತಣ್ಣಗಾದ. ಅಂಗಡಿಗೆ ಹೋಗಿ ಸಾಮಾನು ಅಲ್ಲಾಡಿಸುವುದನ್ನೂ ಬಿಟ್ಟ. ಮನೆಯ ಮುಂದೆ ರಸ್ತೆ ಸ್ವಲ್ಪ ಏರು. ದಿನವಿಡೀ ಜಗಲಿಯಲ್ಲಿ ಕೂತು ಏರು ಹತ್ತುವ ಲಾರಿಗಳ ಸದ್ದು ಕೇಳುತ್ತ, ಇವನು ಸೆಕೆಂಡಿಗೆ ಹಾಕಬೇಕಿತ್ತು, ಥರ್ಡಲ್ಲಿ ಎಳೆಸುತ್ತಿದ್ದಾನೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಊಟ ಅರ್ಧ, ಮಾತು ಕಾಲು. ನಮ್ಮನ್ನೆಲ್ಲ ಇಷ್ಟು ವರ್ಷ ನಗಿಸಿದವನು ಹೀಗೆ ಕೂತರೆ ಹೇಗೆ? ನನಗೆ ನಿಜಕ್ಕೂ ದುಃಖವಾಗುತ್ತಿತ್ತು. ಚಿಕ್ಕಮ್ಮನಿಗೆ ಭಯವೇ ಹಿಡಿದಿತ್ತು.

ಹೀಗಿರುವಾಗ, ನಾನು ಪಾಠ ಹೇಳುವ ಕಾಲೇಜಿನಲ್ಲಿ ನನ್ನ ಜೊತೆಯವನೊಬ್ಬ ಒಂದು ಯಂತ್ರ ತಂದ. ಎರಡು ಕೈಯಲ್ಲಿ ಹಿಡಿಯುವಷ್ಟು ಅಗಲ, ನಡುವೆ ಪರದೆ, ಆಚೀಚೆ ಗುಂಡಿಗಳು, ಹೆಬ್ಬೆರಳಿಗೆ ಎರಡು ಪುಟ್ಟ ಕಡ್ಡಿಗಳು, ಹಿಂದೆ ತೋರುಬೆರಳಿಗೆ ಒತ್ತುವ ಕೀಲಿಗಳು. ನೋಡಲು ಆಟದ ಸಾಮಾನು, ಒಳಗೆ ಮಾತ್ರ ಪೂರ್ತಿ ಕಂಪ್ಯೂಟರು. ಇದರಲ್ಲಿ ಆಡಲಾಗದ ಆಟವೇ ಇಲ್ಲ ಎಂದ. ಬೆಲೆ ಕೇಳಿದೆ. ಒಂದು ಒಳ್ಳೆಯ ಸೀಮೆಹಸುವಿನ ಬೆಲೆ! ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾರ ಇದರದೇ ಚರ್ಚೆ. ಫೋನಿನಲ್ಲೇ ಆಟ ಇರುವಾಗ ಇದು ಯಾಕೆ? ಇದೇ ದುಡ್ಡಿಗೆ ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರು ಬರುವುದಿಲ್ಲವೇ? ಎರಡು ಗಂಟೆಗೆ ಬ್ಯಾಟರಿ ಮುಗಿಯುವ, ಕೈ ಸುಡುವಷ್ಟು ಬಿಸಿಯಾಗುವ, ಫ್ಯಾನು ಗುಂಯ್ ಎನ್ನುವ ವಸ್ತುವಿಗೆ ಇಷ್ಟು ಸುರಿಯುವವರು ಹುಚ್ಚರಲ್ಲವೇ? ಹುಚ್ಚರೇ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು. ವ್ಯಾಯಾಮದ ಸೈಕಲ್ಲಿನ ಯಜಮಾನನಿಗೆ ಇಂಥ ವಿಷಯದಲ್ಲಿ ತುಂಬ ಅನುಭವ ಇರುತ್ತದೆ!

ಆದರೆ ಅದರಲ್ಲಿ ಲಾರಿ ಓಡಿಸುವ ಆಟವೊಂದಿತ್ತು. ಲೋಡು ಹೇರಿಕೊಂಡು ಊರಿಂದೂರಿಗೆ ಹೋಗಿ ಇಳಿಸಿ ಬರುವುದು, ಅಷ್ಟೇ. ಅದನ್ನು ನೋಡಿದ ಕೂಡಲೇ ನನಗೆ ಜಗಲಿ ನೆನಪಾಯಿತು. ಒಂದು ಭಾನುವಾರಕ್ಕೆ ಕೇಳಿ ಪಡೆದು, ಬಸ್ಸು ಹತ್ತಿ ಚಿಕ್ಕಪ್ಪನ ಮನೆಗೆ ಹೋದೆ.

ಕೈಗೆ ಕೊಟ್ಟೆ. ಎಷ್ಟೋ ತಿಂಗಳ ಮೇಲೆ ಚಿಕ್ಕಪ್ಪ ಒಂದು ವಸ್ತುವನ್ನು ಕಿವಿಯ ಹತ್ತಿರ ಹಿಡಿದ! ಅಲ್ಲಾಡಿಸಿದ. ಇನ್ನೊಬ್ಬರ ವಸ್ತು, ನನ್ನ ಎದೆಯೇ ಲೊಡಲೊಡ ಅಂದಿತು. ಸದ್ದಿಲ್ಲ, ಎಳಸು ಎಂದು ಹಿಂದಕ್ಕೆ ಕೊಡಲು ಬಂದ. ನಾನು ಆಟ ಹಚ್ಚಿ ಮತ್ತೆ ಕೈಗಿಟ್ಟೆ. ಪರದೆಯ ಮೇಲೆ ಲಾರಿಯ ಮುಂಗಾಜು, ಅದರಾಚೆ ಉದ್ದಕ್ಕೆ ರಸ್ತೆ.

ಚಿಕ್ಕಪ್ಪ ಕನ್ನಡಕ ಏರಿಸಿದ. ಮೊದಲು ಕೇಳಿದ್ದು ಹಾರನ್ ಎಲ್ಲಿದೆ ಎಂದು. ಎರಡನೆಯದು ಬ್ರೇಕು. ಆ ತೋರುಬೆರಳಿನ ಕೀಲಿಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಲಾರಿ ಓಡುವುದನ್ನು ಕಂಡು ಅವನ ಮುಖ ಒಂದು ಕ್ಷಣ ಬದಲಾಯಿತು. ಎಂಜಿನ್ನಿನ ನಡುಕ ಅಂಗೈಗೆ ಬರುತ್ತಿತ್ತು. ಆಮೇಲೆ ಆದದ್ದು ದೊಡ್ಡ ಅನಾಹುತ. ಆಟದಲ್ಲಿದ್ದದ್ದು ಯಾವುದೋ ಪರದೇಶದ ರಸ್ತೆ, ಅಲ್ಲಿ ಬಲಗಡೆ ಓಡಿಸಬೇಕು. ಚಿಕ್ಕಪ್ಪ ನಮ್ಮ ಪದ್ಧತಿಯಂತೆ ಎಡಗಡೆಯಿಂದ ನುಗ್ಗಿದ. ಎದುರು ಬಂದವರಿಗೆಲ್ಲ ಗುದ್ದಿದ. ಒಂದೇ ಸಮ ಹಾರನ್ ಒತ್ತುತ್ತ, ಈ ದೇಶದಲ್ಲಿ ಒಬ್ಬನಿಗೂ ಲೈಸೆನ್ಸ್ ಕೊಟ್ಟ ಹಾಗೆ ಕಾಣುವುದಿಲ್ಲ, ಎಲ್ಲ ರಾಂಗ್ ಸೈಡಿನಲ್ಲೇ ಬರುತ್ತಾರಲ್ಲ ಎಂದು ಬೈದ. ಜೋರಾಗಿಯೇ ಬೈದ! ಒಳಗಿನಿಂದ ಚಿಕ್ಕಮ್ಮ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು. ಅವಳು ಪರದೆಯನ್ನು ನೋಡಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು.

ಸಾಯಂಕಾಲ ಬೆಲೆಯ ಮಾತು ಬಂತು. ನಾನು ಹೇಳಿದೆ. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಸಿನ ಬೆಲೆ ಕೊಡ್ತೀವಿ. ಸಗಣಿನಾದ್ರೂ ಹಾಕ್ತದಾ ಇದು?"

ನ್ಯಾಯವಾದ ಪ್ರಶ್ನೆ! ನಾನೂ ಸ್ಟಾಫ್ ರೂಮಿನ ವಾದಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ಚಿಕ್ಕಪ್ಪನ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು. ಫೋನಿನಲ್ಲೇ ಆಡಬಹುದಲ್ಲ ಎಂದರೆ, ಮುಂಗಾಜಿನ ಮೇಲೆ ಎರಡು ಕೈ ಇಟ್ಟು ಮುಚ್ಚಿಕೊಂಡು ಯಾವ ಡ್ರೈವರ್ ಗಾಡಿ ಓಡಿಸುತ್ತಾನೆ ಎಂದ. ಮೇಜಿನ ಕಂಪ್ಯೂಟರು ಎಂದರೆ, ಲಾರಿಯನ್ನು ಗೋಡೆಗೆ ಕಟ್ಟಿಹಾಕಿದ ಹಾಗಲ್ಲವೇ, ತನಗೆ ಜಗಲಿಯೇ ಆಗಬೇಕು ಎಂದ. ಬಿಸಿಯಾಗುತ್ತದೆ ಎಂದರೆ, ಘಾಟಿ ಹತ್ತುವ ಲೋಡ್ ಗಾಡಿ ಬಿಸಿಯಾಗದೆ ತಣ್ಣಗಿರುತ್ತದೆಯೇ ಎಂದ. ಎರಡು ಗಂಟೆಗೇ ಬ್ಯಾಟರಿ ಮುಗಿಯುತ್ತದಲ್ಲ ಎಂದು ಕಡೆಯ ಬಾಣ ಬಿಟ್ಟೆ.

"ಡ್ರೈವರ್ ಆದವ್ನು ಎರಡ್ ಗಂಟೆಗೊಂದ್ಸಲ ಇಳಿದು ಟೀ ಕುಡಿಬ್ಯಾಡ್ವೇನ್ಲಾ?" ಎಂದ.

ನಾನು ಸೋತೆ. ಇಷ್ಟು ಚೆನ್ನಾಗಿ ವಾದಿಸಿದವನು ತಕ್ಷಣ ಕೊಳ್ಳುತ್ತಾನೆ ಎಂದುಕೊಂಡರೆ, ಎದ್ದು ಹೋಗಿ ಹೊಸ ರಾಶಿಯಿಂದ ಒಂದು ಕಾಯಿ ಆರಿಸಿ, ಸುಣ್ಣದ ಡಬ್ಬಿ ತಂದು, ಅದರ ಮೇಲೆ ಮತ್ತೆ ಒಂದು ಚೌಕ ಬರೆದು ಅಟ್ಟಕ್ಕೆ ಹಾಕಿಸಿದ. ಇನ್ನು ಒಂದು ವರ್ಷ! ನಾನೂ ಚಿಕ್ಕಮ್ಮನೂ ಬೇಡಿಕೊಂಡೆವು. ಹಸುವಿನ ಲೆಕ್ಕ ತೆಗೆದ ಚಿಕ್ಕಮ್ಮನೇ, ಹೋಗಲಿ ತರಿಸಿಬಿಡಿ, ಸಗಣಿ ಪಕ್ಕದ ಮನೆಯಿಂದ ತರುತ್ತೇನೆ ಎಂದಳು. ಚಿಕ್ಕಪ್ಪ ಜಗ್ಗಲಿಲ್ಲ. ಮನೆಮಂದಿಗೆಲ್ಲ ಒಂದು ಕಾಯಿದೆ, ತನಗೆ ಇನ್ನೊಂದೇ ಎಂದು ಕೇಳಿದ. ಯಂತ್ರ ನನ್ನ ಚೀಲದಲ್ಲಿ ತಿಪಟೂರಿಗೆ ವಾಪಸು ಬಂತು.

ಆಮೇಲಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಮೊರ ಮಾಯವಾಗತೊಡಗಿತು. ಚಿಕ್ಕಮ್ಮ ಅಕ್ಕಿ ಕೇರಲು ಹುಡುಕುತ್ತಾಳೆ, ಮೊರ ಇಲ್ಲ. ಜಗಲಿಗೆ ಬಂದು ನೋಡಿದರೆ ಚಿಕ್ಕಪ್ಪ ಅದನ್ನು ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದ ಹಾಗೆ ಹಿಡಿದು ಕೂತಿದ್ದಾನೆ. ಕಣ್ಣು ರಸ್ತೆಯ ಮೇಲೆ. ದಾರಿಯಲ್ಲಿ ಹೋಗುವವರು ಕಂಡು ನಕ್ಕರೆ ಕಾಲ ಮೇಲಿಟ್ಟುಕೊಂಡು ಕೇರುವವನಂತೆ ನಟಿಸುತ್ತಿದ್ದನಂತೆ. ಮೊರದಲ್ಲಿ ಒಂದು ಕಾಳೂ ಇರುತ್ತಿರಲಿಲ್ಲ. ಚಿಕ್ಕಮ್ಮ ಫೋನಿನಲ್ಲಿ ಇದನ್ನು ಹೇಳುವಾಗ ನಕ್ಕಳು. ಆಮೇಲೆ ಒಂದು ಉಪಾಯವನ್ನೂ ಹೇಳಿದಳು.

ಉಪಾಯ ಇಷ್ಟೇ. ಚಿಕ್ಕಪ್ಪ ತೋಟಕ್ಕೆ ಹೋದ ಹೊತ್ತು ನೋಡಿ ನಾನು ಅಟ್ಟ ಹತ್ತಬೇಕು. ಅವನ ಚೌಕದ ಕಾಯಿಯನ್ನು ತೆಗೆದು, ಆಗಲೇ ಒಣಗಿದ ಒಂದು ಹಳೆಯ ಕಾಯಿಯ ಮೇಲೆ ಅಂಥದೇ ಚೌಕ ಬರೆದು ಆ ಜಾಗದಲ್ಲಿಡಬೇಕು. ನಾಳೆ ಅಲ್ಲಾಡಿಸಿದರೆ ಲೊಡಲೊಡ! ವರ್ಷದ ಕಾಯಿ ಐದೇ ತಿಂಗಳಿಗೆ ಹೇಗೆ ಒಣಗಿತು ಎಂದರೆ ಈ ಸಲದ ಬಿಸಿಲಿನ ಮೇಲೆ ಹಾಕಿದರಾಯಿತು. ಕಾಲೇಜಿನಲ್ಲಿ ನಕಲು ಹೊಡೆಯುವವರನ್ನು ಹಿಡಿಯುವ ನಾನು ಏಣಿ ಹತ್ತಿದೆ, ಚಿಕ್ಕಮ್ಮ ಕೆಳಗೆ ಏಣಿ ಹಿಡಿದು ನಿಂತಳು.

ಚಿಕ್ಕಪ್ಪನ ಕಾಯಿ ಸಿಕ್ಕಿತು. ಅಲ್ಲಾಡಿಸಿದೆ, ಇನ್ನೂ ನೀರು ಕಳಕ್ ಕಳಕ್ ಎಂದಿತು. ಆದರೆ ಒಣಗಿದ ಕಾಯಿ? ಹಳೆಯ ಕೊಬ್ಬರಿಯೆಲ್ಲ ಆಗಲೇ ಮಂಡಿಗೆ ಹೋಗಿತ್ತು, ಅಟ್ಟದ ಮೇಲೆ ಇದ್ದದ್ದೆಲ್ಲ ಆ ವರ್ಷದ್ದೇ. ತಡಕಿ ತಡಕಿ ಮೂಲೆಗೆ ಹೋದೆ. ಹರಿದ ಬುಟ್ಟಿಯೊಂದರ ಹಿಂದೆ, ಒಂದೇ ಒಂದು ಕಾಯಿ ಒಂಟಿಯಾಗಿ ಕೂತಿತ್ತು. ಹಗುರ. ಅಲ್ಲಾಡಿಸಿದರೆ ಸೊಗಸಾಗಿ ಲೊಡಲೊಡ ಎಂದಿತು. ಇಲ್ಲೊಂದು ಇದೆ ಎಂದು ಖುಷಿಯಿಂದ ಕೂಗಿದೆ. ಕೆಳಗೆ ಇಳಿಸಿ ಬೆಳಕಿಗೆ ಹಿಡಿದಾಗ ಅದರ ಮೇಲೆ ಮಾಸಿದ ಕುಂಕುಮದ ಬೊಟ್ಟು ಕಂಡಿತು.

"ಅದು ಬ್ಯಾಡ," ಎಂದಳು ಚಿಕ್ಕಮ್ಮ. "ಎಲ್ಲಿತ್ತೋ ಅಲ್ಲೇ ಇಟ್ಬುಡು."

ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ. ತೋಟದಿಂದ ಯಾವಾಗ ಬಂದನೋ ತಿಳಿಯದು. ನನ್ನ ಒಂದು ಕೈಯಲ್ಲಿ ಸುಣ್ಣದ ಕಾಯಿ, ಇನ್ನೊಂದರಲ್ಲಿ ಕುಂಕುಮದ ಕಾಯಿ, ಏನು ಹೇಳಲಿ? ಅವನು ನನ್ನನ್ನು ಬೈಯಲಿಲ್ಲ. ಕುಂಕುಮದ ಕಾಯಿಯನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದ.

"ಇದು ಈ ವರ್ಸದ್ದೂ ಅಲ್ಲ, ಹೋದ್ ವರ್ಸದ್ದೂ ಅಲ್ಲ. ನಿಂದಾ?"

ಚಿಕ್ಕಮ್ಮ ಹೂಂ ಎಂದಳು. ಯಾವುದಕ್ಕೆ ಇಟ್ಟಿದ್ದೆ ಎಂದು ಕೇಳಿದ. ಅವಳು ಏಣಿಯನ್ನು ಬಿಟ್ಟಿರಲಿಲ್ಲ, ಅದನ್ನೇ ಹಿಡಿದುಕೊಂಡು ಹೇಳಿದಳು.

"ಲಾರಿ ಮಾರ್ಬೇಕಾ ಬ್ಯಾಡ್ವಾ ಅಂತ ನೀವು ಕಾಯಿ ಇಟ್ರಲ್ಲ, ಅವತ್ತೇ ಇಟ್ಟೆ. ಅದು ಹೋಗೋದ್ರೊಳ್ಗೆ ಒಂದೇ ಒಂದ್ಸಲ ನಿಮ್ ಪಕ್ಕದಲ್ ಕೂತ್ಕಂಡು ದಿಲ್ಲಿಗಂಟ ಬರಾನ ಅಂತ. ಎರಡೂ ಒಂದೇ ದಿನ ಒಣಗಿದ್ವು. ನೀವು ನಿಮ್ದು ಮೊದ್ಲು ಅಲ್ಲಾಡ್ಸಿದ್ರಿ."

ಯಾಕೆ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ನನಗೂ ಕೇಳುವ ಧೈರ್ಯ ಇರಲಿಲ್ಲ. ಲಾರಿ ಹೋದ ದಿನ ಅವನ ಮುಖ ಹೇಗಿತ್ತು ಎಂದು ನಾನೂ ಚಿಕ್ಕಮ್ಮನೂ ನೋಡಿದ್ದೆವು. ಅಂಥ ಮುಖಕ್ಕೆ ನನ್ನದೂ ಒಂದು ಆಸೆ ಇತ್ತು ಎಂದು ಯಾರು ಹೇಳುತ್ತಾರೆ?

ಚಿಕ್ಕಪ್ಪ ಜಗಲಿಗೆ ಹೋಗಿ ಕೂತ. ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮಾತಿದೆ. ಕೊಬ್ಬರಿಯನ್ನು ಹೊತ್ತಿಗೆ ಇಳಿಸದೆ ಬಿಟ್ಟರೆ ಅದು ಕಮಟು ಹಿಡಿಯುತ್ತದೆ, ಹುಳ ಬೀಳುತ್ತದೆ. ಇದು ಒಣಗಿ, ಯಾರೂ ಕೇಳದೆ, ಇನ್ನೊಂದು ವರ್ಷಕ್ಕೂ ಹೆಚ್ಚು ಕೂತ ಕಾಯಿ. ಇಷ್ಟು ಜನರ ಇಷ್ಟು ಆಸೆಗಳನ್ನು ಕೊಳೆತಿದೆ ಎಂದು ಎಸೆದವನು ಇದನ್ನು ಒಡೆಯಲು ಹೆದರುತ್ತಿದ್ದ. ಕಡೆಗೆ ಸುಲಿದ. ಚಿಪ್ಪಿಗೆ ಮಚ್ಚಿನ ಹಿಂಬದಿಯಿಂದ ಮೆಲ್ಲಗೆ, ಸುತ್ತ ತಿರುಗಿಸುತ್ತ, ಏಟು ಹಾಕಿದ. ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಗೆ ಬಂತು. ಎರಡು ಹೋಳು ಮಾಡಿದ. ಒಳಗೆ ಬೆಳ್ಳಗೆ, ಎಣ್ಣೆಯ ಹೊಳಪು. ಮೂಸಿ ನೋಡಿದ, ಅಂಚಿನಲ್ಲಿ ಸ್ವಲ್ಪ ಕಚ್ಚಿದ. ಉಳಿದದ್ದನ್ನು ಚಿಕ್ಕಮ್ಮನ ಕೈಗಿಟ್ಟ.

"ಕಮಟು ಹಿಡ್ದಿಲ್ಲ ಕಣೇ," ಎಂದ.

ನನ್ನ ಕಡೆ ತಿರುಗಿ, ಆ ಮಿಷನ್ನು ತರಿಸು ಎಂದ. ಚೌಕದ ಕಾಯಿ ಇನ್ನೂ ಒಣಗಿಲ್ಲವಲ್ಲ ಎಂದು ನಾನು ಬೇಕೆಂದೇ ಕಾಲೆಳೆದೆ. ಅದನ್ನು ಸಾರಿಗೆ ಹಾಕಿ, ಒಣಗಿರುವುದು ಅವಳ ಕಾಯಿ, ಮಿಷನ್ನು ಬರುತ್ತಿರುವುದು ಅವಳ ಹೆಸರಿಗೆ ಎಂದ. ಮಧ್ಯಾಹ್ನ ನಾವು ಮೂರು ಜನವೂ ಚೌಕದ ಸಾರನ್ನೇ ಉಂಡೆವು. ಚಿಕ್ಕಪ್ಪ ಎರಡು ಸಲ ಹಾಕಿಸಿಕೊಂಡ.

ಯಂತ್ರ ಬಂದ ದಿನ ಪೂಜೆ ಇಲ್ಲದಿದ್ದರೆ ಆಗುತ್ತದೆಯೇ? ಚಿಕ್ಕಮ್ಮ ಅದರ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಲು ಹೊರಟಳು. ಗಾಳಿ ಆಡುವ ಕಂಡಿಗಳಿರುವುದೇ ಅಲ್ಲಿ! ನಾನು ಅಡ್ಡ ಬಿದ್ದು ಪೆಟ್ಟಿಗೆಗೆ ಹಚ್ಚಿಸಿದೆ. ನಿಂಬೆಹಣ್ಣು ತಂದಳು, ಚಕ್ರ ಎಲ್ಲಿ ಎಂದು ಹುಡುಕಿದಳು, ಸಿಗದೆ ಇಬ್ಬರ ಕಾಲ ಕೆಳಗೂ ಒಂದೊಂದು ಇಟ್ಟು ತುಳಿಸಿದಳು. ನಾನು ಆಟದೊಳಗೆ ಹುಡುಕಿ, ಎಡಗಡೆ ಓಡಿಸುವ ಒಂದು ದೇಶಕ್ಕೆ ಅವನನ್ನು ವರ್ಗ ಮಾಡಿದೆ. ಯಾರೋ ಪುಣ್ಯಾತ್ಮರು ಆ ಆಟಕ್ಕೆಂದೇ ಬರೆದಿಟ್ಟಿದ್ದ ನಮ್ಮ ಕಡೆಯ ಲಾರಿಯ ಮುಖವನ್ನೂ ತಂದು ಕೂರಿಸಿದೆ. ಚಿಕ್ಕಪ್ಪ ಜಗಲಿಯ ಬಲಗಡೆ ಕೂತ. ಚಿಕ್ಕಮ್ಮ ಕ್ಲೀನರ್ ಕೂರುವ ಜಾಗದಲ್ಲಿ, ಎಡಗಡೆ, ಕಾಲು ಮಡಚಿ ಕೂತಳು. ಹೊಸ ಸೀರೆ ಉಟ್ಟಿದ್ದಳು. ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿಯೂ ಇತ್ತು, ದಾರಿಗೆ.

"ಬಾಗ್ಲು ಹಾಕ್ಕಂಡ್ಯಾ?" ಎಂದು ಚಿಕ್ಕಪ್ಪ ಕೇಳಿದ.

ಅವಳು ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕ್ಲೀನರನ್ನು ನೋಡಿದವಳು. ಜಗಲಿಯ ಹಲಗೆಗೆ ಅಂಗೈಯಿಂದ ಎರಡು ಸಲ ಬಡಿದು, ರೈಟ್ ಎಂದಳು. ಲಾರಿ ಹೊರಟಿತು.

ಈಗ ಜನ ನನ್ನನ್ನು ಕೇಳುತ್ತಾರೆ. ಮುಖ್ಯವಾಗಿ ಸ್ಟಾಫ್ ರೂಮಿನವರು. ಅಷ್ಟು ದುಡ್ಡಿಗೆ ಅದು ತಕ್ಕದ್ದೇ? ಆಟ ಆಡಿ ಬೇಜಾರಾಗಿ ಮೂಲೆಗೆ ಎಸೆಯುವ ನನ್ನಂಥವನಿಗೆ ಖಂಡಿತ ಅಲ್ಲ, ನನ್ನ ಮನೆಗೆ ಬಂದರೆ ಅದರ ಮೇಲೂ ಟವೆಲ್ಲು ಒಣಗುತ್ತದೆ ಎನ್ನುತ್ತೇನೆ. ಬೇರೆಯವರ ವಿಷಯ ನನಗೆ ತಿಳಿಯದು, ಅವರವರ ಕಾಯಿ ಅವರವರೇ ಅಲ್ಲಾಡಿಸಿ ನೋಡಿಕೊಳ್ಳಬೇಕು. ಚಿಕ್ಕಪ್ಪ ಈಗ ಹೊಟ್ಟೆ ತುಂಬ ಉಣ್ಣುತ್ತಾನೆ, ಅಂಗಡಿಯವರಿಗೆ ಮತ್ತೆ ಕಾಟ ಕೊಡಲು ಶುರುಮಾಡಿದ್ದಾನೆ. ಅಟ್ಟದ ಮೇಲೆ ಸುಣ್ಣ, ಕುಂಕುಮ ಎರಡೂ ಇರುವ ಹೊಸ ಕಾಯಿಯೊಂದು ಕೂತಿದೆ. ಯಾವುದಕ್ಕೆಂದು ಇಬ್ಬರೂ ಹೇಳಿಲ್ಲ. ಆದರೆ ದಿಲ್ಲಿಗೆ ಹೋಗುವ ರೈಲು ಎಲ್ಲಿ ಹತ್ತಬೇಕು ಎಂದು ಚಿಕ್ಕಪ್ಪ ನನ್ನನ್ನು ಎರಡು ಸಲ ವಿಚಾರಿಸಿದ್ದಾನೆ.

ಹೋದ ಭಾನುವಾರ ಮಧ್ಯಾಹ್ನ ಹೋಗಿದ್ದೆ. ಇಬ್ಬರೂ ಜಗಲಿಯಲ್ಲಿ, ಅಂದರೆ ದಾರಿಯಲ್ಲಿ, ಇದ್ದರು. ನಾನು ಹಿಂದೆ ನಿಂತು ಪರದೆ ನೋಡಿದೆ. ಮುಂದೆ ರಸ್ತೆ ಕಿತ್ತುಹೋಗಿತ್ತು, ಉದ್ದಕ್ಕೂ ಹಳ್ಳ. ಹಿಂದೆ ಗಾಡಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಯಾವ ಏರನ್ನೂ ಬಿಡದೆ ನುಗ್ಗುತ್ತಿದ್ದ ಚಿಕ್ಕಪ್ಪ ಬ್ರೇಕಿನ ಮೇಲೆ ಬೆರಳಿಟ್ಟು, ಒಂದೊಂದೇ ಹಳ್ಳಕ್ಕೆ ಚಕ್ರವನ್ನು ಮೆಲ್ಲಗೆ ಇಳಿಸಿ, ಮೆಲ್ಲಗೆ ಹತ್ತಿಸುತ್ತಿದ್ದ. ಇಷ್ಟು ನಿಧಾನ ಯಾಕೆ, ಹೊಡೆದು ದಾಟಿಸಿಬಿಡು ಎಂದು ನಾನು ಗಟ್ಟಿಯಾಗಿ ಹೇಳಿದೆ.

ಅವನು ತಿರುಗಿ ನೋಡಲಿಲ್ಲ. ಎಡಭುಜವನ್ನು ಒಂದಿಷ್ಟೂ ಅಲುಗಿಸದೆ, ಅದರ ಮೇಲೆ ತಲೆಯಿಟ್ಟಿದ್ದ ಚಿಕ್ಕಮ್ಮನ ಕಡೆಗೆ ಕಣ್ಣಲ್ಲೇ ತೋರಿಸಿದ.

"ಮೆಲ್ಲಗ್ ಮಾತಾಡ್ಲಾ," ಎಂದ. "ಗಾಡಿ ಕುಲುಕಿದ್ರೆ ಎಚ್ಚರ ಆಯ್ತದೆ. ಈಗ್ತಾನೆ ಮಲಗವ್ಳೆ."